ಹಳ್ಳ ನಮ್ಮ ಬೇಲಿ ಪಕ್ಕದಲ್ಲೇ ಹರಿಯುತ್ತದೆ, ನೀರು ನಮ್ಮದಲ್ಲವೇ?

ಪ್ರಶ್ನೆ: ನಾವು ಮಂಡ್ಯ ಜಿಲ್ಲೆಯವರು, ಬಹಳ ವರ್ಷಗಳಿಂದ ಡೆನ್ವರ್‌ನಲ್ಲಿದ್ದೇವೆ. ಕಳೆದ ಚಳಿಗಾಲದಲ್ಲಿ ಕೊಲೊರಾಡೊ ರಾಜ್ಯದ ಪಶ್ಚಿಮ ಭಾಗದಲ್ಲಿ, ರೈಫಲ್ ಊರಿನ ಹತ್ತಿರ 18 ಎಕರೆ ಜಮೀನು ಕೊಂಡೆವು. 14 ಎಕರೆಯಲ್ಲಿ ಅಲ್ಫಾಲ್ಫಾ, ಅಂದರೆ ನಮ್ಮ ಕಡೆಯ ಕುದುರೆಮಸಾಲೆ ಮೇವು, ಹಾಯಿನೀರಿನಲ್ಲಿ ಬೆಳೆಯುತ್ತಿದೆ. 4 ಎಕರೆ ಬೀಳು. ಜಮೀನಿನ ಜೊತೆ ಅಲ್ಲಿನ ಒಂದು ಚಿಕ್ಕ ಡಿಚ್ ಕಂಪನಿಯ (ರೈತರೇ ಷೇರುದಾರರಾಗಿ ಕಾಲುವೆ ನಡೆಸುವ ಕಂಪನಿ) 15 ಷೇರು ಬಂದಿದೆ ಎಂದು ಏಜೆಂಟ್ ಹೇಳಿದರು. ಕಂಪನಿಯ ಒಟ್ಟು ಷೇರು 400. ಅದಕ್ಕೆ ಹಳ್ಳದಿಂದ ಎರಡು ಹಕ್ಕುಗಳಿವೆ: 1889ರ 12 ಕ್ಯುಸೆಕ್, 1936ರ 8 ಕ್ಯುಸೆಕ್. ಹಳ್ಳ ನಮ್ಮ ಬೇಲಿಗೆ ತಾಗಿಯೇ ಹರಿಯುತ್ತದೆ. ಅದಕ್ಕೊಂದು ಪಂಪ್ ಇಟ್ಟುಕೊಳ್ಳಬಹುದೇ? ಪಕ್ಕದ ಜಮೀನಿನ ಹಿರಿಯರು, ಬೇಕಿರಲಿ ಬೇಡದಿರಲಿ ತೂಬು ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ಹಕ್ಕು ಹೋಗುತ್ತದೆ ಎನ್ನುತ್ತಾರೆ. ನಮ್ಮ ಯೋಚನೆ ಬೇರೆ: ಹನಿ ನೀರಾವರಿ ಮಾಡಿ, ಉಳಿದ ನೀರಿನಲ್ಲಿ ಬೀಳಿನ 4 ಎಕರೆಗೆ ಬೆಂಡೆ, ಬದನೆ, ಅವರೆ ಹಾಕುವುದು, ಒಂದು ಕೃಷಿ ಹೊಂಡ ತೋಡುವುದು. ಈ ನಡುವೆ ಕೊಲೊರಾಡೊ ನದಿಯ ದೊಡ್ಡ ಜಲಾಶಯ ಲೇಕ್ ಮೀಡ್ ಬತ್ತುತ್ತಿರುವ ಸುದ್ದಿ ಓದಿ, ನಮ್ಮ ನೀರನ್ನು ಕ್ಯಾಲಿಫೋರ್ನಿಯಾಕ್ಕೆ ಬಿಡಿಸುತ್ತಾರೋ ಎಂಬ ಭಯ. ಷೇರು ಮಾರಿ ಎಂದು ಒಬ್ಬರು ಆಗಲೇ ಫೋನ್ ಮಾಡಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿರುವ ಭಯಗಳಲ್ಲಿ ಕೆಲವು ಅನಗತ್ಯ. ನೀವು ಭಯಪಡದೆ ಹಾಕಿಕೊಂಡಿರುವ ಯೋಜನೆಗಳಲ್ಲೇ ನಿಜವಾದ ತೊಂದರೆ ಇದೆ. ಕ್ಯಾಲಿಫೋರ್ನಿಯಾ ನಿಮ್ಮ ತೂಬಿನ ಬಳಿ ಬರುವುದಿಲ್ಲ. ಆದರೆ ‘ಉಳಿದ ನೀರಿನಲ್ಲಿ ಇನ್ನೂ 4 ಎಕರೆ’ ಎಂಬ ಲೆಕ್ಕ ನಿಮ್ಮನ್ನು ನೀರಿನ ಹಕ್ಕಿನ ಕೇಸುಗಳನ್ನು ನೋಡುವ ವಾಟರ್ ಕೋರ್ಟಿನ ಮುಂದೆ ನಿಲ್ಲಿಸಬಹುದು. ಮಂಡ್ಯದ ಅನುಭವ ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ, ಸ್ವಲ್ಪ ದಾರಿ ತಪ್ಪಿಸುತ್ತದೆ.

ಮೊದಲು ಹಳ್ಳದ ಪಂಪ್. ಬೇಡ. ಹೊಳೆ, ಹಳ್ಳ ಜಮೀನಿಗೆ ತಾಗಿದ್ದರೆ ನೀರಿನ ಮೇಲೆ ಹಕ್ಕು ಬರುತ್ತದೆ ಎನ್ನುವುದು ಅಮೆರಿಕದ ಪೂರ್ವದ ರಾಜ್ಯಗಳಲ್ಲಿ ನಡೆಯುವ ಮಾತು. ಕೊಲೊರಾಡೊ ಅದನ್ನು 1882ರಲ್ಲೇ ತಳ್ಳಿಹಾಕಿತು. ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿ ಒಂದು ಹೊಳೆಯ ನೀರನ್ನು ಬೇರೊಂದು ಕಣಿವೆಗೆ ತಿರುಗಿಸಿಕೊಂಡಿತ್ತು. 1879ರ ಬರದಲ್ಲಿ ಆ ಹೊಳೆಯ ದಂಡೆಯ ರೈತರು ಒಡ್ಡನ್ನು ಕಿತ್ತುಹಾಕಿದರು. ಕೇಸು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲು ತಿರುಗಿಸಿ ಬಳಸಿದವರದ್ದೇ ಮೊದಲ ಹಕ್ಕು, ದಂಡೆಯಲ್ಲಿರುವುದು ಲೆಕ್ಕಕ್ಕಿಲ್ಲ ಎಂದು ತೀರ್ಪು ಬಂತು. ಇಂದು ನೀವು ಪಂಪ್ ಇಟ್ಟರೆ ಅದು ಈ ವರ್ಷದ ತಾರೀಖಿನ ಹೊಸ ಹಕ್ಕು, ಅಂದರೆ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ. ಬೇರೆಡೆಯಿಂದ ನೀರು ತುಂಬಿಕೊಡುವ ಆಗ್ಮೆಂಟೇಶನ್ ಯೋಜನೆಗೆ ಕೋರ್ಟಿನ ಒಪ್ಪಿಗೆ ಇಲ್ಲದೆ, ನೀರು ಬೇಕಾದ ತಿಂಗಳುಗಳಲ್ಲಿ ಅದನ್ನು ಓಡಿಸಲು ಆಗುವುದಿಲ್ಲ.

ಮಂಡ್ಯದ ಜೊತೆ ಇರುವ ದೊಡ್ಡ ವ್ಯತ್ಯಾಸವೂ ಇದೇ. ಕೆಆರ್‌ಎಸ್‌ನಲ್ಲಿ ನೀರು ಕಡಿಮೆಯಾದರೆ ವಿ.ಸಿ. ನಾಲೆಯಲ್ಲಿ ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿ ಬರುತ್ತದೆ. ಕೊರತೆಯನ್ನು ಅಚ್ಚುಕಟ್ಟಿನವರೆಲ್ಲ ಹಂಚಿಕೊಳ್ಳಬೇಕು ಎನ್ನುವುದು ಅಲ್ಲಿನ ತತ್ವ, ಕೊನೆಭಾಗದವರಿಗೆ ನಿಜವಾಗಿ ಎಷ್ಟು ತಲುಪುತ್ತದೆ ಎನ್ನುವುದು ಬೇರೆ ಮಾತು. ಕೊಲೊರಾಡೊದಲ್ಲಿ ತತ್ವವೇ ಬೇರೆ. 1889ರ ಹಕ್ಕಿಗೆ ಪೂರ್ತಿ ನೀರು ಸಿಗುವವರೆಗೆ 1936ರ ಹಕ್ಕಿಗೆ ಒಂದು ತೊಟ್ಟೂ ಇಲ್ಲ. ಹಳ್ಳ ಇಳಿದಾಗ ಹಿರಿಯ ಹಕ್ಕಿನವರು ತಮ್ಮ ಪಾಲು ಬರುತ್ತಿಲ್ಲ ಎಂದು ವಾಟರ್ ಕಮಿಷನರ್‌ಗೆ ತಿಳಿಸುತ್ತಾರೆ. ಇದಕ್ಕೆ ‘ಕಾಲ್’ ಎನ್ನುತ್ತಾರೆ. ಕಮಿಷನರ್ ರಾಜ್ಯ ಸರ್ಕಾರದ ನೀರುಗಂಟಿ ಇದ್ದಂತೆ. ಅವರು ಪಟ್ಟಿ ನೋಡಿ, ಅತಿ ಕಿರಿಯ ಹಕ್ಕಿನಿಂದ ಶುರುಮಾಡಿ ಒಂದೊಂದೇ ತೂಬು ಇಳಿಸುತ್ತಾ ಬರುತ್ತಾರೆ. ಕಿರಿಯರನ್ನು ನಿಲ್ಲಿಸಿದರೂ ನೀರು ಹಿರಿಯರವರೆಗೆ ತಲುಪುವುದಿಲ್ಲ, ದಾರಿಯಲ್ಲೇ ಇಂಗುತ್ತದೆ ಎಂದಾದರೆ ಮಾತ್ರ ನಿಲ್ಲಿಸುವುದಿಲ್ಲ.

ಹಾಗಾಗಿ ನಿಮ್ಮ ಆಸ್ತಿಯ ಬೆಲೆ ಇರುವುದು ತಾರೀಖಿನಲ್ಲಿ. ಇಲ್ಲೊಂದು ಸೂಕ್ಷ್ಮವನ್ನು ಏಜೆಂಟರು ಹೇಳುವುದಿಲ್ಲ. 1889 ಎನ್ನುವುದು ಮೊದಲ ಬಾರಿ ನೀರು ತಿರುಗಿಸಿದ ವರ್ಷ. ಆ ಹಕ್ಕನ್ನು ಕೋರ್ಟು ಯಾವ ವಿಚಾರಣೆಯಲ್ಲಿ ಡಿಕ್ರಿ ಮಾಡಿತು ಎನ್ನುವುದೂ ಅಷ್ಟೇ ಮುಖ್ಯ. ನಂತರದ ವಿಚಾರಣೆಗೆ ಬಂದ ಹಕ್ಕು, ಅದರ ಬಳಕೆ ಎಷ್ಟೇ ಹಳೆಯದಾದರೂ, ಹಿಂದಿನ ವಿಚಾರಣೆಯಲ್ಲಿ ಡಿಕ್ರಿಯಾದ ಹಕ್ಕುಗಳ ಹಿಂದೆ ನಿಲ್ಲುತ್ತದೆ. ಈ ಎರಡನ್ನೂ ಸೇರಿಸಿ ರಾಜ್ಯದ ನೀರಿನ ಇಲಾಖೆ ಪ್ರತಿ ಹಕ್ಕಿಗೂ ಒಂದು ಅಡ್ಮಿನಿಸ್ಟ್ರೇಶನ್ ನಂಬರ್ ಕೊಟ್ಟಿದೆ. ನಂಬರ್ ಚಿಕ್ಕದಿದ್ದಷ್ಟೂ ಹಕ್ಕು ಹಿರಿಯದು. ಇಲಾಖೆಯ ಜಾಲತಾಣದಲ್ಲಿ ನಿಮ್ಮ ಡಿಚ್‌ನ ಹೆಸರು ಹಾಕಿದರೆ ಈ ನಂಬರ್, ಡಿಕ್ರಿಯ ಪ್ರಮಾಣ, ಹಿಂದಿನ ವರ್ಷಗಳಲ್ಲಿ ಎಷ್ಟು ನೀರು ತಿರುಗಿಸಿದ್ದಾರೆ ಎಂಬ ದಾಖಲೆ ಎಲ್ಲ ಉಚಿತವಾಗಿ ಸಿಗುತ್ತದೆ. ಬರದ ವರ್ಷಗಳಾದ 2002, 2012, 2018ರ ಜುಲೈ, ಆಗಸ್ಟ್ ದಾಖಲೆಯನ್ನು ಮೊದಲು ತೆಗೆದು ನೋಡಿ. ಕಾಗದದ ಮೇಲಿನ 20 ಕ್ಯುಸೆಕ್‌ನಲ್ಲಿ ನೀರಾಗಿ ಬಂದದ್ದೆಷ್ಟು ಎಂದು ಅಲ್ಲಿ ತಿಳಿಯುತ್ತದೆ.

ಈಗ ನಿಮ್ಮ 15 ಷೇರಿನ ಲೆಕ್ಕ ಮಾಡೋಣ. 400ರಲ್ಲಿ 15 ಅಂದರೆ ಶೇ. 3.75. ಮೇ, ಜೂನ್‌ನಲ್ಲಿ ಹಿಮ ಕರಗಿ ಹಳ್ಳ ತುಂಬಿ ಹರಿಯುವಾಗ 20 ಕ್ಯುಸೆಕ್ ಪೂರ್ತಿ ಸಿಕ್ಕರೆ ನಿಮ್ಮ ಪಾಲು 0.75 ಕ್ಯುಸೆಕ್. ಜುಲೈನಲ್ಲಿ 1936ರ ಹಕ್ಕು ನಿಂತರೆ ಉಳಿಯುವುದು 12 ಕ್ಯುಸೆಕ್‌ನ ಶೇ. 3.75, ಅಂದರೆ 0.45. ಮಣ್ಣಿನ ಕಾಲುವೆಯಲ್ಲಿ ಐದನೇ ಒಂದು ಭಾಗ ಇಂಗುತ್ತದೆ ಎಂದು ಹಿಡಿದರೆ ನಿಮ್ಮ ಗದ್ದೆಯ ತಲೆಗೆ ಬರುವುದು 0.36 ಕ್ಯುಸೆಕ್, ನಿಮಿಷಕ್ಕೆ ಸುಮಾರು 160 ಗ್ಯಾಲನ್. ಒಂದು ಕ್ಯುಸೆಕ್ 24 ಗಂಟೆ ಹರಿದರೆ ಹೆಚ್ಚುಕಡಿಮೆ 2 ಎಕರೆ-ಅಡಿ. ಎಕರೆ-ಅಡಿ ಅಂದರೆ ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವ ನೀರು, ಸುಮಾರು 12.3 ಲಕ್ಷ ಲೀಟರ್. ಹಾಗಾಗಿ 0.36 ಕ್ಯುಸೆಕ್ ದಿನಕ್ಕೆ 0.71 ಎಕರೆ-ಅಡಿ ಕೊಡುತ್ತದೆ. ಜುಲೈ ಬಿಸಿಲಿನಲ್ಲಿ ಕುದುರೆಮಸಾಲೆ ದಿನಕ್ಕೆ ಸುಮಾರು 0.3 ಇಂಚು ಕುಡಿಯುತ್ತದೆ. 14 ಎಕರೆಗೆ ಅದು 0.35 ಎಕರೆ-ಅಡಿ. ಹಾಯಿನೀರಿನಲ್ಲಿ ಬೇರಿಗೆ ತಲುಪುವುದು ಅರ್ಧ ಎಂದರೆ ಗದ್ದೆಯ ತಲೆಯಲ್ಲಿ 0.70 ಬೇಕು. ಅಂದರೆ 1889ರ ಹಕ್ಕೊಂದೇ ಹರಿದರೂ ನಿಮ್ಮ 14 ಎಕರೆ ಉಳಿಯುತ್ತದೆ. ಆದರೆ ಒಂದು ಚೊಂಬೂ ಮಿಗುವುದಿಲ್ಲ, ಮತ್ತು ಅದೂ ಹಳ್ಳದಲ್ಲಿ ಆ 12 ಕ್ಯುಸೆಕ್ ಇದ್ದರೆ ಮಾತ್ರ.

ಈ ಲೆಕ್ಕ ಹೊಲದಲ್ಲಿ ನಿಲ್ಲಬೇಕಾದರೆ ಅಳತೆ ಸರಿಯಿರಬೇಕು. ನಿಮ್ಮ ಕವಲುಗಾಲುವೆಯ ತಲೆಯಲ್ಲಿ ಒಂದು ಪಾರ್ಶಲ್ ಫ್ಲೂಮ್ ಇರಬೇಕು, ನಡುವೆ ಸೊಂಟ ಕಿರಿದಾದ ತಗಡಿನ ಅಥವಾ ಕಾಂಕ್ರೀಟಿನ ತೊಟ್ಟಿ ಅದು. ಸೊಂಟದ ಅಗಲ 9 ಇಂಚು ಇದ್ದರೆ ಲೆಕ್ಕ ಹೀಗೆ: ಅಳತೆ ಪಟ್ಟಿಯಲ್ಲಿ ನೀರು 0.25 ಅಡಿ ಇದ್ದರೆ 0.37 ಕ್ಯುಸೆಕ್, 0.40 ಅಡಿಗೆ 0.76, ಅರ್ಧ ಅಡಿಗೆ 1.06. ಕಡಿಮೆ ನೀರಿನಲ್ಲಿ ಪಟ್ಟಿ ಓದುವುದು ಕಾಲು ಇಂಚು ತಪ್ಪಿದರೆ ಲೆಕ್ಕ ಶೇ. 12ರಷ್ಟು ತಪ್ಪುತ್ತದೆ. ನಿಮ್ಮ ಪಾಲಿಗೆ 6 ಇಂಚಿನ ಫ್ಲೂಮ್ ಹೆಚ್ಚು ಸೂಕ್ತ: ಅದೇ 0.36 ಕ್ಯುಸೆಕ್ ಅಲ್ಲಿ 0.33 ಅಡಿ ಏರುತ್ತದೆ, ಓದಲು ಸುಲಭ. ಒಳಬರುವ ಭಾಗದ ನೆಲ ಉದ್ದಕ್ಕೂ ಅಡ್ಡಕ್ಕೂ ಮಟ್ಟವಾಗಿರಬೇಕು. ಚಳಿಗಾಲದ ಹಿಮಗಡ್ಡೆ ನೆಲವನ್ನು ಎತ್ತಿ ತೊಟ್ಟಿಯನ್ನು ಓರೆ ಮಾಡುತ್ತದೆ, ಆದ್ದರಿಂದ ಪ್ರತಿ ವಸಂತದಲ್ಲಿ ಮಟ್ಟಗೋಲು ಇಟ್ಟು ನೋಡಿ. ಅಳತೆ ಪಟ್ಟಿ ಇರಬೇಕಾದದ್ದು ಸೊಂಟದಲ್ಲಲ್ಲ, ಅದರ ಮೇಲ್ಭಾಗದ ಓರೆ ಗೋಡೆಯ ಉದ್ದದ ಮೂರನೇ ಎರಡರಷ್ಟು ಹಿಂದೆ. ಕೆಳಗಡೆ ಕಾಲುವೆಯಲ್ಲಿ ಪಾಚಿ, ಹೂಳು ತುಂಬಿ ನೀರು ಹಿಂದಕ್ಕೆ ಒತ್ತಿದರೆ ಪಟ್ಟಿಯಲ್ಲಿ ನೀರು ಹೆಚ್ಚು ಕಾಣುತ್ತದೆ, ಹರಿಯುವುದು ಕಡಿಮೆ. 6 ಮತ್ತು 9 ಇಂಚಿನ ಫ್ಲೂಮ್‌ನಲ್ಲಿ ಕೆಳಗಿನ ಮಟ್ಟ ಮೇಲಿನದರ ಶೇ. 60 ದಾಟಿದರೆ ಆ ಅಳತೆ ನಂಬಲು ಬಾರದು. ‘ನಿಮಗೆ ಪೂರ್ತಿ ಕೊಟ್ಟಿದ್ದೇವೆ’ ಎಂದು ಕಂಪನಿಯವರು, ‘ಹೊಲ ಒಣಗುತ್ತಿದೆ’ ಎಂದು ರೈತರು ಜಗಳವಾಡುವಾಗ ಬಹುಪಾಲು ಕಾರಣ ಇದೇ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ವಕೀಲರ ಬಳಿ ಹೋಗುವ ಮೊದಲು ಸಲಿಕೆ ಹಿಡಿದು ಫ್ಲೂಮ್‌ನ ಕೆಳಗಿನ ನೂರು ಅಡಿ ಕಾಲುವೆ ಶುಚಿ ಮಾಡಿ ನೋಡಿ.

ಪಕ್ಕದ ಹಿರಿಯರ ಮಾತಿಗೆ ಬರೋಣ. ‘ಬಳಸದಿದ್ದರೆ ಹೋಗುತ್ತದೆ’ ಎನ್ನುವುದರಲ್ಲಿ ಒಂದು ಎಳೆ ಸತ್ಯ ಇದೆ. ಹತ್ತು ವರ್ಷ ಸತತವಾಗಿ ಬಳಸದ ಹಕ್ಕನ್ನು ಬಿಟ್ಟುಕೊಟ್ಟಂತೆ ಎಂದು ಕಾನೂನು ಊಹಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ರಾಜ್ಯದ ನೀರಿನ ಇಲಾಖೆಯ ಡಿವಿಷನ್ ಎಂಜಿನಿಯರ್ ಅಂಥ ಹಕ್ಕುಗಳ ಪಟ್ಟಿ ಪ್ರಕಟಿಸುತ್ತಾರೆ. ಹಿಂದಿನದು 2020ರಲ್ಲಿ ಬಂತು. ಆದರೆ ಅದು ಊಹೆ ಮಾತ್ರ, ಬಿಟ್ಟುಕೊಡುವ ಉದ್ದೇಶ ಇರಲಿಲ್ಲ ಎಂದು ತೋರಿಸಿ ಅದನ್ನು ಅಲ್ಲಗಳೆಯಬಹುದು. ಇನ್ನೊಂದು ವಿಷಯ: ನಿಮ್ಮ ಡಿಕ್ರಿ ಇರುವುದು ಕಂಪನಿಯ ಹೆಸರಿನಲ್ಲಿ. ಒಬ್ಬ ಷೇರುದಾರ ಒಂದೆರಡು ಹಂಗಾಮು ನೀರು ಬಳಸದೆ ಬಿಟ್ಟರೆ ಉಳಿದವರು ಅದನ್ನು ಬಳಸಿಕೊಳ್ಳುತ್ತಾರೆ, ಕಂಪನಿಯ ಹಕ್ಕು ಅಲುಗಾಡುವುದಿಲ್ಲ.

ಬೇಡದ ನೀರನ್ನು ಗದ್ದೆಗೆ ಬಿಡುವುದರಿಂದ ಹಕ್ಕು ಬೆಳೆಯುತ್ತದೆ ಎನ್ನುವುದಂತೂ ಪೂರ್ತಿ ತಪ್ಪು. ನಾಳೆ ನೀವು ಷೇರಿನ ನೀರನ್ನು ಬೇರೆ ಕೆಲಸಕ್ಕೆ ಬದಲಿಸಲು ಕೋರ್ಟಿಗೆ ಹೋದರೆ, ಅಲ್ಲಿ ಅಳೆಯುವುದು ತೂಬಿನಲ್ಲಿ ಎಷ್ಟು ತಿರುಗಿಸಿದಿರಿ ಎಂದಲ್ಲ. ಬೆಳೆ ಎಷ್ಟು ಕುಡಿದು ಆವಿಯಾಯಿತು, ಅಂದರೆ ಹೊಳೆಗೆ ಮರಳದೆ ಹೋದ ನೀರು ಎಷ್ಟು ಎಂದು. ಕುದುರೆಮಸಾಲೆಯ ಬೇರು ಹೀರುವುದಕ್ಕಿಂತ ಮಿಕ್ಕಿದ್ದು ಬಸಿದು ಹಳ್ಳಕ್ಕೆ ಹೋಗುತ್ತದೆ, ಅದಕ್ಕೆ ಮೂರು ಕಾಸಿನ ಬೆಲೆಯೂ ಸಿಗುವುದಿಲ್ಲ. ಬದಲಿಗೆ ಬೇರು ಕೊಳೆಯುತ್ತದೆ, ಗೊಬ್ಬರ ಕೊಚ್ಚಿಹೋಗುತ್ತದೆ, ಕೆಳಗಿನವರ ಹೊಲ ಜೌಗಾಗುತ್ತದೆ. ಈ ಸೀಮೆಯ ಹಲವು ಕಡೆ ಮಣ್ಣಿನ ಕೆಳಗೆ ಉಪ್ಪು ತುಂಬಿದ ಸಮುದ್ರಮೂಲದ ಶೇಲ್ ಕಲ್ಲು ಇದೆ. ಹೆಚ್ಚಾದ ನೀರು ಅದರ ಮೂಲಕ ಇಳಿದು ಉಪ್ಪು, ಸೆಲೆನಿಯಂ ತೊಳೆದುಕೊಂಡು ಕೊಲೊರಾಡೊ ನದಿ ಸೇರುತ್ತದೆ. ಕೆಳಗಿನ ರಾಜ್ಯಗಳಿಗೂ ಮೆಕ್ಸಿಕೊಗೂ ಅದೇ ಉಪ್ಪು ನೀರು ಹೋಗುವುದನ್ನು ತಡೆಯಲೆಂದೇ 1974ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿದೆ. ಕಟಾವಿನ ಹೊತ್ತಿಗೆ ತೂಬು ಇಳಿಸಿ, ಯಾವ ದಿನ ಎಷ್ಟು ಬಿಟ್ಟಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಹಕ್ಕನ್ನು ಕಾಪಾಡುವುದು ಆ ಪುಸ್ತಕ.

ಈಗ ನಿಮ್ಮ ಹನಿ ನೀರಾವರಿ. ನೀರು ಉಳಿಸಬೇಕೆಂಬ ನಿಮ್ಮ ಆಸೆ ಒಳ್ಳೆಯದು, ಅದನ್ನು ನಿರುತ್ಸಾಹಗೊಳಿಸುವುದು ನನ್ನ ಉದ್ದೇಶವಲ್ಲ. ಆದರೆ ಲೆಕ್ಕ ನೋಡಿ. ಹಂಗಾಮಿಗೆ ಕುದುರೆಮಸಾಲೆ ಎಕರೆಗೆ ಸುಮಾರು ಎರಡೂವರೆ ಅಡಿ ಕುಡಿಯುತ್ತದೆ ಎಂದಿಟ್ಟುಕೊಂಡರೆ 14 ಎಕರೆಗೆ 35 ಎಕರೆ-ಅಡಿ. ಹಾಯಿನೀರಿನಲ್ಲಿ ಅದಕ್ಕೆ 70 ಎಕರೆ-ಅಡಿ ಗದ್ದೆಗೆ ಬರಬೇಕು. ಉಳಿದ 35ರಲ್ಲಿ ಹೆಚ್ಚಿನದು ಬಸಿನೀರಾಗಿ, ಕೊನೆಗಾಲುವೆಯ ನೀರಾಗಿ ಹಳ್ಳಕ್ಕೆ ಮರಳುತ್ತದೆ. ನಿಮ್ಮ ಕೆಳಗಿನ ರೈತನ ಹಕ್ಕು ನಿಂತಿರುವುದು ಆ ನೀರಿನ ಮೇಲೆ. ನೂರು ವರ್ಷದಿಂದ ಅವನ ತೂಬಿಗೆ ಸೆಪ್ಟೆಂಬರ್‌ನಲ್ಲಿ ಬರುವುದು ನಿಮ್ಮ ಹೊಲದ ಜುಲೈ ಬಸಿನೀರೇ. ಸ್ಪ್ರಿಂಕ್ಲರ್ ಹಾಕಿದರೆ 35 ಎಕರೆ-ಅಡಿ ಕುಡಿಸಲು 47 ಸಾಕು, ಹನಿಯಲ್ಲಿ 39 ಸಾಕು. ಉಳಿದದ್ದು ನಿಮ್ಮದೆಂದು ಕಾಣುತ್ತದೆ. ಅದನ್ನು ಇನ್ನೂ 4 ಎಕರೆಗೆ ಹಾಯಿಸಿದರೆ, ಅಷ್ಟೇ ಕುಡಿಯುವ ಬೆಳೆಯಾದರೆ ಒಟ್ಟು 45 ಎಕರೆ-ಅಡಿ ಆವಿಯಾಗುತ್ತದೆ. ತೂಬಿನಲ್ಲಿ ನೀವು ಕಡಿಮೆ ತೆಗೆದರೂ ಹೊಳೆಗೆ 10 ಎಕರೆ-ಅಡಿ ನಷ್ಟ. ಕಾನೂನು ಇದನ್ನು ಹಕ್ಕಿನ ವಿಸ್ತರಣೆ ಎನ್ನುತ್ತದೆ. ಅದಕ್ಕೆ ಅನುಮತಿ ಇಲ್ಲ.

ಹಾಗಾದರೆ ದಾರಿ ಏನು? ಸುಲಭವಾದದ್ದು: ತರಕಾರಿಯನ್ನು ಬೀಳಿನಲ್ಲಿ ಹಾಕಬೇಡಿ, ಈಗ ನೀರು ಕಾಣುತ್ತಿರುವ 14 ಎಕರೆಯಲ್ಲೇ 4 ಎಕರೆ ಮೇವು ತೆಗೆದು ಅಲ್ಲಿ ಹಾಕಿ. ಅದೇ ಜಮೀನು, ಅದೇ ಹಕ್ಕು, ಕಡಿಮೆ ನೀರು. ಕೋರ್ಟಿನ ಗೊಡವೆ ಇಲ್ಲ. ಬೀಳಿನ ಮಣ್ಣೇ ಬೇಕೆಂದರೆ, 14ರಲ್ಲಿ 4 ಎಕರೆಯನ್ನು ಪೂರ್ತಿ ಒಣಗಿಸಿ ಆ ನೀರನ್ನು ಬೀಳಿಗೆ ಒಯ್ಯಬೇಕು. ಬೀಳು ನಿಮ್ಮ ಡಿಚ್‌ನ ಹಳೆಯ ಅಚ್ಚುಕಟ್ಟಿನೊಳಗೇ ಬಂದರೆ ಕಂಪನಿಯ ಒಪ್ಪಿಗೆಯೇ ಸಾಕಾಗಬಹುದು, ಹೊರಗಿದ್ದರೆ ವಾಟರ್ ಕೋರ್ಟಿನಲ್ಲಿ ಬದಲಾವಣೆ ಕೇಸು ಹಾಕಬೇಕು. ಎಂಜಿನಿಯರ್, ವಕೀಲರ ಖರ್ಚು 4 ಎಕರೆ ಬೆಂಡೆಯಿಂದ ಹುಟ್ಟುವುದಿಲ್ಲ. ಕೇಸಿನಲ್ಲಿ ಇನ್ನೊಂದು ಅಪಾಯವೂ ಇದೆ: ಹಳೆಯ ಬಳಕೆಯನ್ನು ಮೊದಲಿನಿಂದ ಅಳೆದಾಗ ಡಿಕ್ರಿಗಿಂತ ಕಡಿಮೆ ಕಂಡುಬಂದರೆ ಆ ಕಡಿಮೆ ಅಂಕಿಯೇ ಖಾಯಂ ಆಗುತ್ತದೆ.

ಹನಿ ವ್ಯವಸ್ಥೆಯ ಗಾತ್ರವನ್ನೂ ಹೇಳಿಬಿಡುತ್ತೇನೆ. 4 ಎಕರೆ ತರಕಾರಿ ಬಿಸಿಲಿನ ದಿನ 0.25 ಇಂಚು ಕುಡಿಯುತ್ತದೆ ಎಂದರೆ ಸುಮಾರು 27,000 ಗ್ಯಾಲನ್, ಸೋರಿಕೆ ಸೇರಿಸಿ 30,000. ಹನ್ನೆರಡು ಗಂಟೆ ಓಡಿಸಿದರೆ ನಿಮಿಷಕ್ಕೆ 42 ಗ್ಯಾಲನ್‌ನ ಪಂಪ್ ಸಾಕು. ಪಂಪ್ ಇರಬೇಕಾದದ್ದು ನಿಮ್ಮ ಫ್ಲೂಮ್‌ನ ಕೆಳಗೆ, ನಿಮ್ಮ ಪಾಲು ಅಳತೆಯಾದ ಮೇಲೆ. ಜೂನ್‌ನ ಡಿಚ್ ನೀರು ಹೂಳಿನಿಂದ ಕಂದಾಗಿರುತ್ತದೆ, ಪರದೆ ಫಿಲ್ಟರ್ ಒಂದರಿಂದ ಆಗದು. ಮರಳು ಫಿಲ್ಟರ್ ಎರಡು ತೊಟ್ಟಿಯದು ಬೇಕು, ಒಂದನ್ನು ಹಿಂದಕ್ಕೆ ತೊಳೆಯುವಾಗ ಇನ್ನೊಂದು ಓಡುತ್ತಿರಬೇಕು, ಅದರ ನಂತರ 200 ಮೆಶ್ ಪರದೆ. ಕೊಳವೆಗಳ ತುದಿಯನ್ನು ವಾರಕ್ಕೊಮ್ಮೆ ಬಿಚ್ಚಿ ಹರಿಸಿ. ಅಕ್ಟೋಬರ್ ಹಿಮಕ್ಕೆ ಮೊದಲು ಗಾಳಿ ಊದಿ ನೀರು ಖಾಲಿ ಮಾಡದಿದ್ದರೆ ಫಿಲ್ಟರ್ ತೊಟ್ಟಿ, ವಾಲ್ವ್ ಎಲ್ಲ ಒಡೆಯುತ್ತವೆ. ಹನಿಯನ್ನು ತರಕಾರಿಗೆ ಇಟ್ಟುಕೊಳ್ಳಿ, ಮೇವಿಗೆ ಸ್ಪ್ರಿಂಕ್ಲರ್ ಸಾಕು. ಉಪ್ಪು ತಡೆಯುವ ಯೋಜನೆಯಡಿ ಕೇಂದ್ರ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಕಚೇರಿ ಇಂಥ ಬದಲಾವಣೆಗೆ ಖರ್ಚಿನ ಒಂದು ಪಾಲು ಕೊಡುತ್ತದೆ. ಕೆಲಸ ಶುರುಮಾಡಿದ ಮೇಲೆ ಅರ್ಜಿ ಹಾಕಿದರೆ ಸಿಗುವುದಿಲ್ಲ.

ಕೃಷಿ ಹೊಂಡ ನಮ್ಮ ಕಡೆ ಸರ್ಕಾರವೇ ಸಹಾಯಧನ ಕೊಟ್ಟು ತೋಡಿಸುವ ವಸ್ತು, ಹಾಗಾಗಿ ಇಲ್ಲಿಯೂ ತಪ್ಪೇನು ಎನಿಸುತ್ತದೆ. ಹರಿಯುವ ನೀರಿನ ನೀರಾವರಿ ಹಕ್ಕು ಬೇರೆ, ತುಂಬಿಡುವ ಹಕ್ಕು ಬೇರೆ. ಪಂಪಿಗೆ ಸರಾಗವಾಗಲೆಂದು ಅಂದಂದಿನ ನೀರು ನಿಲ್ಲುವ ಚಿಕ್ಕ ತೊಟ್ಟಿಗೆ ಅಡ್ಡಿ ಇರುವುದಿಲ್ಲ. ವಾರಗಟ್ಟಲೆ ನೀರು ನಿಲ್ಲುವ ಹೊಂಡಕ್ಕೆ ಶೇಖರಣೆಯ ಡಿಕ್ರಿ ಬೇಕು, ಅದರ ಮೇಲ್ಮೈಯಿಂದ ಆವಿಯಾಗುವ ನೀರಿಗೂ ಲೆಕ್ಕ ಕೊಡಬೇಕು. ತೋಡುವ ಮೊದಲು ಕಮಿಷನರ್‌ಗೆ ಫೋನ್ ಮಾಡಿ. ಮನೆಯ ಕೊಳವೆಬಾವಿಯ ಪರ್ಮಿಟ್ಟನ್ನೂ ಓದಿ: 35 ಎಕರೆಗಿಂತ ಚಿಕ್ಕ ಜಮೀನುಗಳಿಗೆ ಸಾಮಾನ್ಯವಾಗಿ ಸಿಗುವುದು ಮನೆಯೊಳಗಿನ ಬಳಕೆಗೆ ಮಾತ್ರ. ಹಾಗಿದ್ದರೆ ಅದರಿಂದ ಅಂಗಳದ ತುಳಸಿಗಿಡಕ್ಕೂ ಪೈಪ್ ಹಿಡಿಯುವಂತಿಲ್ಲ. ಮಳೆನೀರು ಹಿಡಿಯಲು 2016ರಿಂದ ಅವಕಾಶ ಇದೆ, ಮನೆಯೊಂದಕ್ಕೆ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್.

ಇನ್ನು ಲೇಕ್ ಮೀಡ್. 1922ರ ನವೆಂಬರ್‌ನಲ್ಲಿ ಸಾಂಟಾ ಫೆಯಲ್ಲಿ, ನಿಮ್ಮ ಹಳ್ಳ ಸೇರುವ ಕೊಲೊರಾಡೊ ನದಿಯ ನೀರಿನ ಬಗ್ಗೆ ಏಳು ರಾಜ್ಯಗಳ ಒಪ್ಪಂದ ಆಯಿತು. ಮೇಲ್ಭಾಗದ ರಾಜ್ಯಗಳಿಗೆ (ಕೊಲೊರಾಡೊ ಇವುಗಳಲ್ಲೊಂದು) ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಭಾಗಕ್ಕೆ 75 ಲಕ್ಷ. 1944ರ ಒಡಂಬಡಿಕೆಯಲ್ಲಿ ಮೆಕ್ಸಿಕೊಗೆ 15 ಲಕ್ಷ. ಒಟ್ಟು 165 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 719 ಟಿಎಂಸಿ. ಕಾವೇರಿ ನ್ಯಾಯಮಂಡಳಿ ಇಡೀ ಕಾವೇರಿಗೆ ಹಿಡಿದದ್ದು 740 ಟಿಎಂಸಿ. ಏಳು ರಾಜ್ಯ, ಎರಡು ದೇಶ ಕಿತ್ತಾಡುತ್ತಿರುವ ಈ ಮಹಾನದಿ ಕಾಗದದ ಮೇಲೂ ನಮ್ಮ ಕಾವೇರಿಗಿಂತ ದೊಡ್ಡದಲ್ಲ. 2000ದಿಂದ ಈಚೆಗೆ ನಿಜವಾಗಿ ಹರಿಯುತ್ತಿರುವುದು ಸರಾಸರಿ 125 ಲಕ್ಷ ಎಕರೆ-ಅಡಿಯ ಆಸುಪಾಸು, ಸುಮಾರು 545 ಟಿಎಂಸಿ. ಒಪ್ಪಂದ ಬರೆದವರ ಮುಂದೆ ಇದ್ದದ್ದು ಅಸಾಮಾನ್ಯ ಮಳೆಗಾಲಗಳ ದಾಖಲೆ. ಹರಿಯುವುದಕ್ಕಿಂತ ಹೆಚ್ಚು ಹಂಚಿದ್ದರ ಫಲ ಈಗ ಕಾಣುತ್ತಿದೆ.

ಒಪ್ಪಂದದ ಪ್ರಕಾರ, ಮೇಲ್ಭಾಗ, ಕೆಳಭಾಗಗಳ ಗಡಿಯಾದ ಲೀ ಫೆರಿ ಎಂಬಲ್ಲಿ ಯಾವುದೇ ಸತತ ಹತ್ತು ವರ್ಷಗಳ ಹರಿವು 7.5 ಕೋಟಿ ಎಕರೆ-ಅಡಿಗಿಂತ ಕೆಳಗಿಳಿಯುವಂತೆ ಮೇಲಿನ ರಾಜ್ಯಗಳು ಮಾಡಬಾರದು. ಹಾಗೆ ಇಳಿದರೆ ಕೊಲೊರಾಡೊ ತನ್ನ ಬಳಕೆದಾರರನ್ನು ನಿಲ್ಲಿಸಬೇಕಾದೀತು. ಇದುವರೆಗೆ ಈ ಕಾರಣಕ್ಕೆ ಒಂದು ತೂಬನ್ನೂ ಮುಚ್ಚಿಲ್ಲ. ಮುಚ್ಚುವ ದಿನ ಬಂದರೂ ಬರುವುದು ರಾಜ್ಯದ ಸ್ಟೇಟ್ ಎಂಜಿನಿಯರ್‌ನ ಆದೇಶ, ಲಾಸ್ ಏಂಜಲೀಸ್‌ನ ಅಧಿಕಾರಿಯಲ್ಲ. ಯಾರನ್ನು ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ಸಿದ್ಧ ನಿಯಮಾವಳಿ ಇಲ್ಲ, ನದಿಯ ದೊಡ್ಡ ಜಲಾಶಯಗಳನ್ನು ನಡೆಸುವ 2007ರ ಹಂಗಾಮಿ ನಿಯಮಗಳ ಅವಧಿ 2026ರವರೆಗೆ ಮಾತ್ರ ಆದ್ದರಿಂದ ರಾಜ್ಯಗಳ ನಡುವಿನ ಚೌಕಾಸಿಯೂ ಬಿಗಿಯಾಗಿದೆ. ಆದರೆ ಒಂದು ಮಾತು ಒಪ್ಪಂದದಲ್ಲೇ ಇದೆ: ಅದಕ್ಕಿಂತ ಮೊದಲೇ ಬಳಕೆಯಲ್ಲಿ ನೆಲೆನಿಂತ ಹಕ್ಕುಗಳಿಗೆ ಧಕ್ಕೆ ಇಲ್ಲ. ನಿಮ್ಮ 1889ರ ನೀರು ಆ ರಕ್ಷಣೆಯೊಳಗೆ, 1936ರ ನೀರು ಹೊರಗೆ.

ನಿಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಇನ್ನೊಂದು ಹೆಸರು ಕ್ಯಾಮಿಯೊ ಕಾಲ್. ನದಿಯಲ್ಲಿ ನಿಮಗಿಂತ ಕೆಳಗಿರುವ ಗ್ರ್ಯಾಂಡ್ ಜಂಕ್ಷನ್ ಸೀಮೆಯ ದೊಡ್ಡ ನಾಲೆಗಳು ತಮ್ಮ ಹಳೆಯ ಹಕ್ಕಿಗೆ ನೀರು ಕೇಳುವುದು ಇದು. ಆಗ ನಿಮ್ಮ 1936ರ ಹಕ್ಕು ನಿಲ್ಲಬೇಕಾಗುತ್ತದೆ. ಆದರೆ ಗ್ರೀನ್ ಮೌಂಟನ್ ಜಲಾಶಯದಲ್ಲಿ 66,000 ಎಕರೆ-ಅಡಿಯನ್ನು ಪಶ್ಚಿಮ ಭಾಗದ ಹಳೆಯ ಬಳಕೆದಾರರಿಗೆಂದೇ ಇಟ್ಟಿದ್ದಾರೆ. 1977ರ ಅಕ್ಟೋಬರ್ 15ರೊಳಗೆ ಬಳಕೆಗೆ ಬಂದ ನೀರಾವರಿ ಹಕ್ಕುಗಳ ಪರವಾಗಿ ಅಲ್ಲಿಂದ ನೀರು ಬಿಡುವುದರಿಂದ ಅಂಥವರು ದೊಡ್ಡ ನದಿಯ ಕಾಲ್‌ನಿಂದ ಬಚಾವಾಗುತ್ತಾರೆ. ನಿಮ್ಮ ಡಿಚ್ ಆ ಫಲಾನುಭವಿಗಳಲ್ಲಿದೆಯೇ ಎಂದು ಕಮಿಷನರ್‌ನನ್ನು ಕೇಳಿ. ನಿಮ್ಮ ಹಳ್ಳದೊಳಗಿನ ಹಿರಿಯರೇ ಕಾಲ್ ಹಾಕಿದರೆ ಆ ಜಲಾಶಯದಿಂದ ಪ್ರಯೋಜನವಿಲ್ಲ, ನೀರು ಹಳ್ಳದ ಮೇಲಕ್ಕೆ ಹತ್ತುವುದಿಲ್ಲವಲ್ಲ.

ಷೇರು ಕೊಳ್ಳಲು ಫೋನ್ ಏಕೆ ಬಂತು ಎನ್ನುವುದು ಇದರಿಂದಲೇ ತಿಳಿಯುತ್ತದೆ. ಡೆನ್ವರ್‌ನಲ್ಲಿ ನಿಮ್ಮ ಮನೆಯ ನಲ್ಲಿಗೆ ಬರುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ, ಪರ್ವತ ಕೊರೆದ ಸುರಂಗಗಳ ಮೂಲಕ ಕೊಲೊರಾಡೊ ನದಿಯ ಕಡೆಯಿಂದ ಬರುತ್ತದೆ. ಅದರಲ್ಲಿ ರಾಬರ್ಟ್ಸ್ ಸುರಂಗದ ಹಕ್ಕು 1946ರದು. ಉತ್ತರದ ಊರುಗಳಿಗೂ ಹೊಲಗಳಿಗೂ ನೀರು ಕೊಡುವ ಬಿಗ್ ಥಾಂಪ್ಸನ್ ಯೋಜನೆಯದು 1935. ಎರಡೂ 1922ರ ನಂತರದವು. ಆದ್ದರಿಂದ ಒಪ್ಪಂದಕ್ಕಿಂತ ಹಳೆಯ ನೀರನ್ನು ಹುಡುಕಿಕೊಂಡು ಜನ ಬರುತ್ತಾರೆ, ಕೆಲವರು ಬೆಲೆ ಏರಲಿ ಎಂದು ಕಾಯುವ ಹೂಡಿಕೆದಾರರು. ಮಾರಿದರೆ 14 ಎಕರೆ ಒಣಗುತ್ತದೆ. ಒಣಗಿಸಿದ ನೆಲದಲ್ಲಿ ಮತ್ತೆ ಹುಲ್ಲು ಹಿಡಿಸುವ ಹೊಣೆಯನ್ನು ಕೋರ್ಟು ಹೊರಿಸುತ್ತದೆ. ಇಲ್ಲದಿದ್ದರೆ ಕೊಚಿಯಾ, ಉರುಳುಮುಳ್ಳಿನಂಥ ಕಳೆ ಇಡೀ ಬದು ತುಂಬಿ ಪಕ್ಕದವರ ಹೊಲಕ್ಕೂ ಹೋಗುತ್ತದೆ. ನೀರಿಲ್ಲದ ಜಮೀನಿಗೆ ಇಲ್ಲಿ ಬೆಲೆ ಇಲ್ಲ. ನನ್ನ ಸಲಹೆ, ಈಗ ಮಾರಬೇಡಿ. ಒಂದು ಹಂಗಾಮು ನಿಮ್ಮಿಂದ ಕೃಷಿ ಆಗದು ಎಂದಾದರೆ ಅದೇ ಡಿಚ್‌ನ ಇನ್ನೊಬ್ಬ ರೈತರಿಗೆ ಷೇರನ್ನು ಗುತ್ತಿಗೆ ಕೊಡಿ, ಕಾರ್ಯದರ್ಶಿಗೆ ಒಂದು ಪತ್ರ ಕೊಟ್ಟರೆ ಸಾಮಾನ್ಯವಾಗಿ ಅಷ್ಟೇ ಸಾಕು. ಫೋನ್ ಮಾಡಿದವರು ‘ಆಪ್ಷನ್’ ಎಂಬ ಕಾಗದಕ್ಕೆ, ಅಂದರೆ ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕನ್ನು ಅವರಿಗೆ ಕೊಡುವ ಕರಾರಿಗೆ, ಸಹಿ ಕೇಳಿದರೆ ನೀರಿನ ಕಾನೂನು ಬಲ್ಲ ವಕೀಲರಿಗೆ ತೋರಿಸದೆ ಹಾಕಬೇಡಿ.

ಮಾರುವ ಮಾತಿಗೆ ಮೊದಲು ಷೇರು ನಿಮ್ಮದಾಗಿದೆಯೇ ಎಂದು ನೋಡಿಕೊಳ್ಳಬೇಕು, ನಿಮ್ಮ ಪತ್ರದಲ್ಲಿ ‘ಏಜೆಂಟ್ ಹೇಳಿದರು’ ಎಂದಷ್ಟೇ ಇರುವುದು ನನಗೆ ಚಿಂತೆಯ ವಿಷಯ. ಜಮೀನಿನ ಕ್ರಯಪತ್ರದಲ್ಲಿ ನೀರಿನ ಷೇರು ತಾನಾಗಿ ಬರುವುದಿಲ್ಲ. ಟೈಟಲ್ ಇನ್ಶೂರೆನ್ಸ್, ಅಂದರೆ ಜಮೀನಿನ ಒಡೆತನಕ್ಕೆ ಮಾಡಿಸುವ ವಿಮೆ, ನೀರಿನ ಹಕ್ಕಿಗೆ ಅನ್ವಯಿಸುವುದಿಲ್ಲ. ಹಳೆಯ ಮಾಲೀಕರು ಸಹಿ ಮಾಡಿದ ಷೇರು ಸರ್ಟಿಫಿಕೇಟ್ ಕಂಪನಿಗೆ ಹೋಗಿ, ನಿಮ್ಮ ಹೆಸರಿನಲ್ಲಿ ಹೊಸದು ಬಂದು, ಪುಸ್ತಕದಲ್ಲಿ ದಾಖಲಾಗಬೇಕು. ಕಾರ್ಯದರ್ಶಿಯನ್ನು ಮೂರು ಪ್ರಶ್ನೆ ಕೇಳಿ: 15 ಷೇರು ಯಾರ ಹೆಸರಿನಲ್ಲಿವೆ, ವಾರ್ಷಿಕ ಶುಲ್ಕ ಬಾಕಿ ಇದೆಯೇ, ಸರ್ಟಿಫಿಕೇಟನ್ನು ಬ್ಯಾಂಕು ಅಡಮಾನಕ್ಕೆ ಇಟ್ಟುಕೊಂಡಿದೆಯೇ. ಶುಲ್ಕ ಕಟ್ಟದ ಷೇರನ್ನು ಕಂಪನಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಸರ್ಟಿಫಿಕೇಟ್ ಕಳೆದಿದ್ದರೆ ಪ್ರಮಾಣಪತ್ರ, ಪ್ರಕಟಣೆ ಎಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ, ಹಳೆಯ ಮಾಲೀಕರು ಕೈಗೆ ಸಿಗುವಾಗಲೇ ಸಹಿ ಪಡೆಯಿರಿ.

ಕಾಲುವೆ ನಿಮ್ಮ ಜಮೀನಿನ ಮೂಲಕ ಹಾದುಹೋಗುತ್ತಿದ್ದರೆ ಅದರ ದಂಡೆಯ ಮೇಲೆ ಕಂಪನಿಗೆ ಓಡಾಡುವ, ಹೂಳು ತೆಗೆದು ಹಾಕುವ ಹಕ್ಕಿದೆ. ಬೇಲಿ, ಮರ, ಶೆಡ್ ಅಲ್ಲಿಗೆ ಬೇಡ. ಕಾಲುವೆಗೆ ನಮ್ಮ ಖರ್ಚಿನಲ್ಲೇ ಪೈಪ್ ಹಾಕಿಸುತ್ತೇವೆ ಎಂದು ನೀವು ಹೇಳಿದರೂ ಲಿಖಿತ ಒಪ್ಪಿಗೆ ಇಲ್ಲವೇ ಕೋರ್ಟಿನ ಆದೇಶ ಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಇಂಥ ಒಪ್ಪಿಗೆ ಕೇಳುವ ಜಾಗ ಕಂಪನಿಯ ವಾರ್ಷಿಕ ಸಭೆ. ಅದು ಹೆಚ್ಚಾಗಿ ಚಳಿಗಾಲದಲ್ಲಿ, ನೀರು ಬಿಡುವ ಮೊದಲು ನಡೆಯುತ್ತದೆ. ಅಲ್ಲಿ 15 ಷೇರಿಗೆ 15 ಮತ. ಕಾಲುವೆಯ ಹೂಳೆತ್ತುವುದು, ಸೋರುವ ಕಡೆ ಪೈಪ್ ಹಾಕುವುದು, ಷೇರನ್ನು ಹೊರಗಿನವರಿಗೆ ಮಾರಲು ಅವಕಾಶ ಇರಬೇಕೇ ಎಂಬ ಉಪವಿಧಿ ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಡೆನ್ವರ್‌ನಿಂದ ಮೂರೂವರೆ ತಾಸಿನ ದಾರಿ, ಮಂಜು ಬಿದ್ದ ದಿನ ಇನ್ನೂ ಹೆಚ್ಚು. ಹಿಂದಿನ ದಿನವೇ ಹೊರಟು, ಕಂಪನಿಯ ಉಪವಿಧಿಯ ಪ್ರತಿ ಮತ್ತು ನಿಮ್ಮ ಸರ್ಟಿಫಿಕೇಟ್ ಎರಡನ್ನೂ ಕೈಯಲ್ಲಿಟ್ಟುಕೊಂಡು ಹೋಗಿ.